ಗುಡ್ಡದೊಳಗಿನ ಕೆರೆಗೆ ಮೂವರು

“ನೀರು ಗುಡ್ಡದೊಳಗೆ ಎಲ್ಲೋ ದಾರಿ ತಪ್ಪಿದೆ. ಎಲ್ಲಿ ಅಂತ ನೋಡ್ಕೊಂಡು ಬರ್ಬೇಕು, ಅದೂ ಮಳೆ ಶುರುವಾಗೋದ್ರೊಳಗೆ,” ಎಂದು ದೊಡ್ಡಕ್ಕ ಮೇಜಿನ ಮೇಲೆ ನಕ್ಷೆ ಬಿಡಿಸಿದಳು.

ಅದು ನೀರು ಸರಬರಾಜು ಕಚೇರಿಯ ಹಿಂದಿನ ಕೋಣೆ. ಗೋಡೆಯಾಚೆಗೆ ಪಂಪ್‌ಹೌಸ್. ಪಂಪು ಓಡುವಾಗ ಮೇಜಿನ ಮೇಲಿನ ಟೀ ಲೋಟಗಳು ಕಿಣಿಕಿಣಿ ನಡುಗುತ್ತಿದ್ದವು. ಈಚೆಗೆ ಅವು ದಿನದ ಮುಕ್ಕಾಲು ಹೊತ್ತು ಅಲುಗಾಡದೆ ಕೂತಿರುತ್ತಿದ್ದವು. ಊರಿಗೆಲ್ಲ ನೀರು ಕೊಡುವ ಗುಡ್ಡದ ಬುಡದ ಒರತೆ ಬರಬರುತ್ತಾ ಸಣಕಲಾಗಿತ್ತು. ಆಸ್ಪತ್ರೆಗೆ ಟ್ಯಾಂಕರ್ ಹೋಗುತ್ತಿತ್ತು. ಶಾಲೆಗಳು ಮಧ್ಯಾಹ್ನಕ್ಕೇ ಬಿಡುತ್ತಿದ್ದವು.

ಗುಡ್ಡದ ನೆತ್ತಿಯಲ್ಲಿ ಬಾವಿಯಂಥ ಒಂದು ಕುಳಿ. ಮೇಲಿನ ತೊರೆ ಅದರೊಳಗೆ ಬಿದ್ದು ಮಾಯವಾಗುತ್ತದೆ. ಹೋದ ವಾರ ದೊಡ್ಡಕ್ಕ ಆ ತೊರೆಗೆ ಹಸಿರು ಬಣ್ಣ ಸುರಿದಿದ್ದಳು. ಬಣ್ಣ ಒರತೆಯಲ್ಲಿ ಕಾಣಿಸಿಕೊಂಡಿತು, ಆದರೆ ತೀರಾ ತೆಳ್ಳಗೆ. ಅಂದರೆ ಗುಡ್ಡದ ಹೊಟ್ಟೆಯಲ್ಲಿ ಒಂದು ಹೊಳೆ ಇದೆ. ಅದರ ಹೆಚ್ಚಿನ ಪಾಲು ಬೇರೆಲ್ಲೋ ಸೋರಿಹೋಗುತ್ತಿದೆ. ಆ ಹೊಳೆಯನ್ನು ಇದುವರೆಗೆ ಯಾರೂ ಕಣ್ಣಾರೆ ಕಂಡಿರಲಿಲ್ಲ.

“ಯಾರ್ಯಾರು ಹೋಗ್ತೀವಿ?” ಎಂದು ಕೇಳಿದವಳು ಪೆನ್ಸಿಲ್. ಕಚೇರಿಯಲ್ಲಿ ನಕ್ಷೆ ಬರೆಯುವವಳು. ಸದಾ ಕಿವಿಯ ಮೇಲೆ ಪೆನ್ಸಿಲ್ ಸಿಕ್ಕಿಸಿಕೊಂಡು ಓಡಾಡಿ ಆ ಹೆಸರೇ ಅಂಟಿಕೊಂಡಿತ್ತು. ನೆಲದಡಿಯ ದಾರಿಗಳನ್ನು ಕಾಗದಕ್ಕೆ ಇಳಿಸಬೇಕೆಂಬುದು ಅವಳ ಬಹಳ ದಿನದ ಹುಚ್ಚು. ಕೇಳುವಾಗಲೇ ಅವಳ ಕಾಲು ಮೇಜಿನಡಿಯಲ್ಲಿ ಕುಣಿಯುತ್ತಿತ್ತು.

“ನಾನು, ನೀನು. ಔಷಧಿ ಪೆಟ್ಟಿಗೆ ಹೊರೋಕೆ ನಮ್ಮ ಕಾಂಪೌಂಡರ್. ಹಗ್ಗ ಕಟ್ಟೋಕೆ ಹಗ್ಗದಣ್ಣ.”

ಪೆನ್ಸಿಲ್‌ಳ ಕಾಲು ನಿಂತಿತು.

ಹಗ್ಗದಣ್ಣನ ಕಸುಬಿನ ಬಗ್ಗೆ ಎರಡು ಮಾತಿರಲಿಲ್ಲ. ಬಂಡೆಯನ್ನು ಬೆರಳಲ್ಲಿ ತಟ್ಟಿ ನೋಡಿ, ಎಲ್ಲಿ ಬೋಲ್ಟ್ ಹೊಡೆದರೆ ನಿಲ್ಲುತ್ತದೆಂದು ಹೇಳಬಲ್ಲವನು. ಆದರೆ ಬೆನ್ನ ಹಿಂದೆ ಅವನಿಗೆ ಇನ್ನೊಂದು ಹೆಸರಿತ್ತು: ಕುಕ್ಕರ್. ‘ಇವತ್ತು ಎಷ್ಟು ಸೀಟಿ ಆಯ್ತು?’ ಎಂದು ಕಚೇರಿಯವರು ಕಣ್ಣು ಮಿಟುಕಿಸಿ ಕೇಳಿಕೊಳ್ಳುತ್ತಿದ್ದರು. ಹಾಗೆ ನಗುವುದರಿಂದ ಅವನ ಸಿಟ್ಟು ಒಂದು ತಮಾಷೆಯಾಗಿ ಉಳಿದುಕೊಂಡಿತ್ತು. ಮೊನ್ನೆಯವರೆಗೆ ಪೆನ್ಸಿಲ್ ಕೂಡ ನಕ್ಕವಳೇ. ಮೊನ್ನೆ ಸಾಮಾನು ಕೋಣೆಯಲ್ಲಿ ಅವಳು ಒದ್ದೆ ಹಗ್ಗವನ್ನು ಬೇರೆ ಮೊಳೆಗೆ ನೇತುಹಾಕಿದಳೆಂದು ಅವನು ಕೈಯಲ್ಲಿದ್ದ ಉಕ್ಕಿನ ಕೊಂಡಿಯನ್ನು ಬೀಸಿ ಒಗೆದ. ಅದು ಅವಳ ಕಿವಿಯ ಪಕ್ಕದಲ್ಲೇ ಹಾದು ಗೋಡೆಯ ಗಾರೆ ಕಿತ್ತಿತು. ಅಂದಿನಿಂದ ಸೀಟಿಯ ಮಾತಿಗೆ ಅವಳಿಗೆ ನಗು ಬರಲಿಲ್ಲ.

ಉಳಿದವರು ಎದ್ದುಹೋದ ಮೇಲೆ ಅವಳು ದೊಡ್ಡಕ್ಕನಿಗೆ ನೇರವಾಗಿ ಹೇಳಿದಳು. “ಅವರ ಜೊತೆ ಇಳಿಯೋಕೆ ನನಗೆ ಹೆದರಿಕೆ ಆಗುತ್ತೆ.”

“ಗುಹೆಗೆ ಹೆದರಲ್ಲ, ಅವನಿಗೆ ಹೆದರ್ತೀಯಾ?” ದೊಡ್ಡಕ್ಕ ನಕ್ಕಳು. ಕೂದಲು ನೆರೆತ, ಬಂಡೆಗಳನ್ನು ಓದುವುದರಲ್ಲೇ ವಯಸ್ಸು ಕಳೆದ ಗಟ್ಟಿ ಹೆಂಗಸು. “ಅವನಿಗೆ ಬಾಯಿ ಜೋರು, ಅಷ್ಟೇ ಕಣೇ. ಅವನು ಕಟ್ಟಿದ ಹಗ್ಗದಲ್ಲಿ ನಾನು ಕಣ್ಣು ಮುಚ್ಕೊಂಡು ಇಳಿದಿದ್ದೀನಿ.”

“ಬಾಯಲ್ಲ ದೊಡ್ಡಕ್ಕ, ಕೈ. ಆ ಕೊಂಡಿ ನನ್ನ ತಲೆಗೇ ಬೀಳ್ಬೇಕಿತ್ತು.”

“ಬೇಕು ಅಂತ ಒಗೆದಿರಲ್ಲ. ಒಳಗೆ ಹೋದ್ಮೇಲೆ ಏನಾದ್ರೂ ಆದ್ರೆ ತಕ್ಷಣ ನನಗೆ ಹೇಳು.”

“ಈಗ ಹೇಳ್ತಾ ಇರೋದು ಅದಕ್ಕೇ ಅಲ್ವಾ?”

ದೊಡ್ಡಕ್ಕ ಸ್ವಲ್ಪ ಹೊತ್ತು ನಕ್ಷೆ ಮಡಿಸುವುದರಲ್ಲೇ ಇದ್ದಳು. ಕೊನೆಗೆ, “ಅವನನ್ನ ಬಿಟ್ರೆ ಬೇರೆ ಯಾರಿದ್ದಾರೆ ಹೇಳು? ನಾನು ನಿಮ್ಮಿಬ್ಬರ ನಡುವೆ ಇರ್ತೀನಿ,” ಎಂದಳು.

ಆ ಸಂಜೆ ಪೆನ್ಸಿಲ್ ಮನೆಗೆ ಹೋದಾಗ ಅಮ್ಮ ಬೀದಿಯ ಕೊನೆಯಲ್ಲಿ ಟ್ಯಾಂಕರ್ ಹಿಂದೆ ಕೊಡ ಹಿಡಿದು ನಿಂತಿದ್ದಳು. ಮೊಣಕಾಲು ನೋವಿನವಳು, ಒಂದು ಕಾಲಿನ ಭಾರ ಇನ್ನೊಂದಕ್ಕೆ ಬದಲಾಯಿಸುತ್ತ. ಪೆನ್ಸಿಲ್ ಕೊಡ ಇಸಿದುಕೊಂಡಳು. ಹೋಗುವುದೆಂದು ಅಲ್ಲೇ ತೀರ್ಮಾನವಾಯಿತು.

ಗುಡ್ಡದ ನೆತ್ತಿಗೆ ಜೀಪು ಮುಟ್ಟಿದಾಗ ಬೆಳಗಿನ ಬಿಸಿಲು ಹುಲ್ಲಿನ ತುದಿಗೆ ಬಂದಿತ್ತು. ಕುಳಿಯ ಬಾಯಿ ಒಂದು ದೊಡ್ಡ ಮನೆಯನ್ನೇ ನುಂಗುವಷ್ಟು ಅಗಲ. ಅಂಚಿನಲ್ಲಿ ಪಾಚಿ, ಜರೀಗಿಡ, ಅದರ ಕೆಳಗೆ ಬೂದು ಬಣ್ಣದ ಸುಣ್ಣಕಲ್ಲು, ಅದರ ಕೆಳಗೆ ಬರೀ ಕತ್ತಲು. ತೊರೆಯ ನೀರು ಒಂದು ಕಡೆಯಿಂದ ಬಿಳಿ ದಾರದಂತೆ ಇಳಿದು, ಅರ್ಧ ದಾರಿಯಲ್ಲೇ ಹನಿಹನಿಯಾಗಿ ಚದುರುತ್ತಿತ್ತು. ಒಳಗಿನಿಂದ ತಣ್ಣನೆಯ ಗಾಳಿ ಉಸಿರಿನ ಹಾಗೆ ಬಂದು ಮುಖಕ್ಕೆ ತಾಗುತ್ತಿತ್ತು.

ಮೇಲೆ ಜೀಪಿನ ಡ್ರೈವರ್ ಮತ್ತು ಪಂಪ್‌ಹೌಸಿನ ಕಾವಲುಗಾರ ಉಳಿದರು. ಹಗ್ಗದ ಜೊತೆಗೆ ಒಂದು ತಂತಿ ಫೋನನ್ನೂ ಕೆಳಗೆ ಬಿಟ್ಟರು. ಹಗ್ಗದಣ್ಣ ಬಂಡೆಗೆ ಬೋಲ್ಟ್ ಹೊಡೆದ, ಗಂಟು ಹಾಕಿದ, ಎಳೆದು ನೋಡಿದ, ಮೊದಲಿಗನಾಗಿ ಇಳಿದ. ಕೆಲಸ ಮಾಡುವಾಗ ಅವನ ಕೈ ನೋಡುವುದೇ ಒಂದು ಚೆಂದ.

ಪೆನ್ಸಿಲ್‌ಳ ಸರದಿ ಬಂತು. ಅಂಚು ದಾಟಿ ಕಾಲು ಗಾಳಿಗೆ ಬಿದ್ದೊಡನೆ ಹಗ್ಗವನ್ನು ಎರಡೂ ಕೈಯಲ್ಲಿ ಬಿಗಿಹಿಡಿದಳು. ಮರುಕ್ಷಣ ಅವಳು ನಗುತ್ತಿದ್ದಳು. ಮೇಲೆ ಬೆಳಕಿನ ಬಿಲ್ಲೆ ಚಿಕ್ಕದಾಗುತ್ತ ಹೋಯಿತು. ಹಗ್ಗ ಅವಳನ್ನು ನಿಧಾನಕ್ಕೆ ತಿರುಗಿಸಿತು. ಹೆಲ್ಮೆಟ್ಟಿನ ಲೈಟು ಗೋಡೆಯ ಮೇಲೆ ಹರಿದಾಡಿ, ಪರದೆಯ ಹಾಗೆ ಮಡಿಕೆ ಬಿದ್ದ ಕಲ್ಲು, ಜೇನಿನ ಬಣ್ಣದ ಕಲ್ಲು, ನೀರು ಸುರಿಯುತ್ತಿರುವಾಗಲೇ ಹೆಪ್ಪುಗಟ್ಟಿದಂಥ ಕಲ್ಲು, ಒಂದೊಂದನ್ನೇ ತೋರಿಸಿತು.

ಕೆಳಗೆ ಒಂದು ವಿಶಾಲವಾದ ಬಯಲು. ಅದಕ್ಕೆ ಅವರು ಅಲ್ಲೇ ‘ಅಂಗಳ’ ಎಂದು ಹೆಸರಿಟ್ಟರು. ಕಾಂಪೌಂಡರ್ ಕೊನೆಯವನಾಗಿ ಇಳಿದು, ಎರಡೂ ಕೈಯಿಂದ ಹೊಟ್ಟೆ ಹಿಡಿದುಕೊಂಡ. “ನನ್ನ ಜೀವ ಇನ್ನೂ ಮೇಲೇ ಇದೆ. ಅದು ಇಳಿದು ಬರೋವರೆಗೆ ಒಂಚೂರು ಕೂತ್ಕೊಳ್ತೀನಿ.”

“ಏಳು ಏಳು, ಹೆಂಗಸರ ಹಾಗೆ ಆಡ್ಬೇಡ,” ಎಂದ ಹಗ್ಗದಣ್ಣ. ಕಾಂಪೌಂಡರ್ ಅವನ ಹೆಂಡತಿಯ ತಮ್ಮ. ಭಾವನ ದನಿ ಏರಿದರೆ ಸಾಕು, ಅವನು ಎಲ್ಲಿದ್ದರೂ ಎದ್ದು ನಿಲ್ಲುತ್ತಿದ್ದ. ಈಗಲೂ ನಿಂತ.

ಅಂಗಳದಿಂದ ತೊರೆಯ ಜಾಡು ಹಿಡಿದು ಹೊರಟರು. ಕೆಲವು ಕಡೆ ಸೊಂಟ ಬಗ್ಗಿಸಿ, ಕೆಲವು ಕಡೆ ತೊಡೆಮಟ್ಟ ನೀರಿನಲ್ಲಿ. ಚಾವಣಿಯಿಂದ ಇಳಿಬಿದ್ದ ಕಲ್ಲಿನ ಕೋಲುಗಳಿಗೆ ಹೆಲ್ಮೆಟ್ ತಾಗಿದಾಗಲೆಲ್ಲ ಟಣ್ ಎಂದು ಸದ್ದಾಗಿ, ದೂರದಲ್ಲಿ ಯಾರೋ ಉತ್ತರ ಕೊಟ್ಟಂತೆ ಕೇಳುತ್ತಿತ್ತು. ಪೆನ್ಸಿಲ್ ಪ್ರತಿ ತಿರುವಿನಲ್ಲೂ ನಿಂತು ಅಳೆದು, ಗೀಟು ಹಾಕಿ, ಮತ್ತೆ ಓಡಿ ಮುಂದಿನವರನ್ನು ಸೇರಿಕೊಳ್ಳುತ್ತಿದ್ದಳು.

ಹೀಗೆ ಹೋಗುತ್ತ ದೊಡ್ಡಕ್ಕ ಒಂದು ಗೋಡೆಯ ಮುಂದೆ ನಿಂತುಬಿಟ್ಟಳು. ಕಲ್ಲಿನಲ್ಲಿ ಹಳೆಯ ನೀರಿನ ಗುರುತುಗಳು ಕಂಡಿದ್ದವು. ಕಾಂಪೌಂಡರ್ ಅವಳಿಗೆ ಲೈಟು ಹಿಡಿದ. “ನೀವು ಹೋಗ್ತಿರಿ, ಬಂದ್ವಿ,” ಎಂದಳು. ನಡುವೆ ಇರುತ್ತೇನೆಂದ ಮಾತು ಆ ಗೋಡೆ ನೋಡುವ ಸಂಭ್ರಮದಲ್ಲಿ ಮರೆತೇಹೋಗಿತ್ತು.

ತಿರುವಿನಾಚೆಗೆ ದಾರಿ ಎರಡಾಯಿತು. ಎಡಕ್ಕೆ ಇನ್ನೊಂದು ಆಳವಾದ ಬಾವಿ. ಅದರ ಅಂಚಿನಲ್ಲಿ ಮೂರು ಜನ ನಿಲ್ಲುವಷ್ಟು ಕಟ್ಟೆ. ಬಲಕ್ಕೆ ತೆವಳಿ ಹೋಗಬೇಕಾದ ಒಂದು ಕಿಂಡಿ. ಹಗ್ಗದಣ್ಣ ಕಟ್ಟೆಯ ಮೇಲೆ ಮೊಣಕಾಲೂರಿ ಎಡಗಡೆಯ ಬಾವಿಗೆ ಬೋಲ್ಟ್ ಹೊಡೆಯುತ್ತಿದ್ದ. ಪೆನ್ಸಿಲ್ ಕಿಂಡಿಯ ಬಳಿ ಕೈಯೊಡ್ಡಿದಳು. ಗಾಳಿ ಜೋರಾಗಿ ಬರುತ್ತಿತ್ತು, ಅದರಲ್ಲಿ ನೀರಿನ ತಂಪು.

“ಹಗ್ಗದಣ್ಣ, ಗಾಳಿ ಈ ಕಡೆಯಿಂದ ಬರ್ತಿದೆ. ಬಾವಿಯಲ್ಲಿ ಗಾಳಿನೇ ಇಲ್ಲ. ಬೋಲ್ಟ್ ಹೊಡೆಯೋ ಮುಂಚೆ ದೊಡ್ಡಕ್ಕನ್ನ ಒಂದ್ಸಲ ಕೇಳೋಣ್ವಾ?”

ಸುತ್ತಿಗೆ ನಿಂತಿತು.

“ನನಗೆ ಹೇಳಿಕೊಡ್ತೀಯಾ?”

“ಹಾಗಲ್ಲ, ಸುಮ್ನೆ…”

ಅವನು ಎದ್ದ. ಪಕ್ಕದಲ್ಲಿದ್ದ ಚೀಲಕ್ಕೆ ಒದ್ದ. ಬ್ಯಾಟರಿ, ಹೆಚ್ಚುವರಿ ಲೈಟುಗಳೆಲ್ಲ ಇದ್ದ ಚೀಲ ಬಾವಿಯೊಳಗೆ ಬಿತ್ತು. ತಳ ಮುಟ್ಟಿದ ಸದ್ದು ಬರಲು ಬಹಳ ಹೊತ್ತಾಯಿತು.

ಆ ಸದ್ದು ಬರುವಷ್ಟರಲ್ಲಿ ಅವನ ಮುಷ್ಟಿ ಹಗ್ಗ ಸಿಕ್ಕಿಸಲೆಂದು ಅವಳು ತೊಟ್ಟಿದ್ದ ಎದೆಪಟ್ಟಿಯನ್ನು ಹಿಡಿದಿತ್ತು.

“ನಕ್ಷೆ ಬರೆಯೋಳು ನೀನು. ನನಗೆ ದಾರಿ ತೋರಿಸ್ತೀಯಾ? ಇನ್ನೊಂದು ಮಾತಾಡು. ಆಡು ನೋಡೋಣ.”

ಹಾಗೆನ್ನುತ್ತಲೇ ಅವನು ಅವಳನ್ನು ಬಾವಿಯ ಕಡೆಗೆ ತಳ್ಳಿಕೊಂಡು ಬಂದಿದ್ದ. ಅವಳ ಹಿಮ್ಮಡಿಯ ಕೆಳಗೆ ಕಲ್ಲು ಮುಗಿದಿತ್ತು. ಬೆನ್ನಿಗೆ ಬಾವಿಯ ತಂಪು. ಅವನ ಲೈಟು ಕಣ್ಣಿಗೆ ಹೊಡೆಯುತ್ತಿತ್ತು. ಅವಳನ್ನು ಹಗ್ಗಕ್ಕೆ ಇನ್ನೂ ಕಟ್ಟಿರಲಿಲ್ಲ.

ಕಿರುಚಬೇಡ, ಎಂದು ತನಗೆ ತಾನೇ ಹೇಳಿಕೊಂಡಳು. ಎಳೆದಾಡಬೇಡ. ವಾದ ಮಾಡಬೇಡ.

“ನಾನು ಅಂಚಿನಲ್ಲಿದ್ದೀನಿ,” ಎಂದಳು. ದನಿ ಅವಳಿಗೇ ಗುರುತು ಸಿಗದಷ್ಟು ಮೆತ್ತಗಿತ್ತು. “ನನ್ನನ್ನ ಈ ಕಡೆ ತಂದು ಪಟ್ಟಿ ಬಿಡಿ. ಆಮೇಲೆ ಮಾತಾಡೋಣ.”

ಮುಷ್ಟಿ ಸಡಿಲವಾಗಲಿಲ್ಲ.

“ಭಾವ.”

ತಿರುವಿನಲ್ಲಿ ಕಾಂಪೌಂಡರ್ ನಿಂತಿದ್ದ. ಚೀಲ ಬಿದ್ದ ಸದ್ದಿಗೆ ಓಡಿಬಂದಿದ್ದ. “ಭಾವ, ಅವಳ ಹಿಂದೆ ನೆಲ ಇಲ್ಲ. ನೋಡಿ. ನಿಧಾನಕ್ಕೆ ಈ ಕಡೆ ಎಳ್ಕೊಳ್ಳಿ. ಹಾಂ. ಹಾಗೇ.”

ಹಗ್ಗದಣ್ಣ ಕೆಳಗೆ ನೋಡಿದ. ನೋಡಿದ ಮೇಲೆ ಅವಳನ್ನು ಒಳಕ್ಕೆಳೆದು ಕೈಬಿಟ್ಟ. ಪೆನ್ಸಿಲ್ ಅಂಬೆಗಾಲಿನಲ್ಲಿ ತೆವಳಿ ಕಾಂಪೌಂಡರನ ಹಿಂದೆ ಹೋಗಿ ಕೂತಳು.

ದೊಡ್ಡಕ್ಕ ಏದುಸಿರು ಬಿಡುತ್ತ ಬಂದಾಗ ಹಗ್ಗದಣ್ಣ ನೀರಿನ ಬಾಟಲಿ ಹಿಡಿದು ಪೆನ್ಸಿಲ್‌ಳ ಕಡೆ ಬಾಗಿದ್ದ. ಅವನ ದನಿ ಈಗ ಮೇಣದಂತಾಗಿತ್ತು. “ಸಿಟ್ಟಲ್ಲಿ ಒಂದು ಮಾತು ಬಂತು ತಂಗಿ. ಮನಸ್ಸಿಗೆ ಹಚ್ಕೋಬೇಡ. ಕುಡಿ.”

ಪೆನ್ಸಿಲ್ ಬಾಟಲಿ ಮುಟ್ಟಲಿಲ್ಲ. ನಡೆದದ್ದನ್ನು ಹೆಚ್ಚಿಲ್ಲ ಕಮ್ಮಿಯಿಲ್ಲ ಎಂಬಂತೆ ಹೇಳಿದಳು. ಕೊನೆಗೆ, “ದೊಡ್ಡಕ್ಕ, ಇನ್ನು ಇವರ ಕೈಗೆ ಎಟುಕೋ ಜಾಗದಲ್ಲಿ ನಾನು ನಿಲ್ಲಲ್ಲ. ಇವರು ಹಿಡಿದ ಹಗ್ಗದಲ್ಲಿ ಇಳಿಯೋದೂ ಇಲ್ಲ. ನೀವು ಮುಂದೆ ಹೋಗೋದಾದ್ರೆ ನಾನು ಇಲ್ಲಿಂದ ವಾಪಸ್,” ಎಂದಳು.

ದೊಡ್ಡಕ್ಕ ಹಣೆ ಉಜ್ಜಿಕೊಂಡಳು. “ಇಷ್ಟು ದೂರ ಬಂದಿದ್ದೀವಿ ಕಣೇ. ಅವನೂ ತಪ್ಪಾಯ್ತು ಅಂತಿದ್ದಾನೆ…”

“ತಪ್ಪಾಯ್ತು ಅಂತ ದಿನಾ ಅಂತಾರೆ,” ಎಂದ ಕಾಂಪೌಂಡರ್.

ಎಲ್ಲರೂ ಅವನ ಕಡೆ ತಿರುಗಿದರು. ಅವನು ಯಾರ ಮುಖವನ್ನೂ ನೋಡದೆ ತನ್ನ ಕೈಗವಸಿನ ದಾರ ಎಳೆಯುತ್ತಿದ್ದ. “ಮನೇಲೂ ಹೀಗೇ. ಅಕ್ಕ ಅಡುಗೆಮನೆ ಗೋಡೆಗೆ ಒತ್ಕೊಂಡು ನಿಂತಿರ್ತಾಳೆ. ಆಮೇಲೆ ಇವರು ನೀರು ತಂದುಕೊಡ್ತಾರೆ. ನಾನು ನಗ್ತಾ ನಗ್ತಾ ಮಾತು ಬದಲಾಯಿಸ್ತೀನಿ. ಎಷ್ಟು ಸಲ ಬದಲಾಯಿಸಿದ್ದೀನೋ. ಇವತ್ತು ಆಗಲ್ಲ ದೊಡ್ಡಕ್ಕ.”

ಹಗ್ಗದಣ್ಣನ ಕುತ್ತಿಗೆಯ ನರ ಉಬ್ಬಿತು. ದೊಡ್ಡಕ್ಕ ಅದನ್ನು ನೋಡಿದಳು. ಪ್ರಾಯಶಃ ಮೊದಲ ಸಲ ಸರಿಯಾಗಿ ನೋಡಿದಳು. ಅವಳ ಮುಖ ಬದಲಾಯಿತು.

“ಎಲ್ಲರೂ ಅಂಗಳಕ್ಕೆ ವಾಪಸ್,” ಎಂದಳು. “ಹಗ್ಗದಣ್ಣ, ನೀನು ಮುಂದೆ ನಡಿ. ನಿನ್ನ ಹಿಂದೆ ನಾನು. ಇವರಿಬ್ಬರು ದೂರದಲ್ಲಿ ಬರ್ತಾರೆ. ಸುತ್ತಿಗೆ, ಚಾಕು ಇಲ್ಲಿ ಕೊಡು.”

“ನಾನಿಲ್ದೆ ಏನು ಕಿಸೀತೀರಿ ನೀವು?”

“ಅದು ನಮ್ಮ ಚಿಂತೆ. ಕೊಡು.”

ಅವನು ಕೊಟ್ಟ. ಕೊಡುವ ಮುಂಚೆ ಸುತ್ತಿಗೆಯನ್ನು ಒಮ್ಮೆ ಅಂಗೈಯಲ್ಲಿ ತೂಗಿ ನೋಡಿದ.

ಅಂಗಳಕ್ಕೆ ಬಂದ ಕೂಡಲೇ ದೊಡ್ಡಕ್ಕ ತಂತಿ ಫೋನು ಎತ್ತಿದಳು. ಅವಳು ಮಾತಾಡುವ ಮೊದಲೇ ಪೆನ್ಸಿಲ್ ಹತ್ತಿರ ಬಂದು ತಗ್ಗಿದ ದನಿಯಲ್ಲಿ ಹೇಳಿದಳು: “ಅವರು ಮೇಲೆ ಹೋದ್ರೆ ನಮ್ಮ ಹಗ್ಗದ ಬುಡ ಅವರ ಹತ್ತಿರ ಇರುತ್ತೆ.”

ದೊಡ್ಡಕ್ಕ ತಲೆಯಾಡಿಸಿದಳು. ಫೋನಿನಲ್ಲಿ ಅವಳ ಮಾತು ಚುಟುಕಾಗಿತ್ತು. “ಹಗ್ಗದಣ್ಣ ಮೇಲೆ ಬರ್ತಾನೆ. ಬಂದ ತಕ್ಷಣ ಡ್ರೈವರ್ ಜೀಪಲ್ಲಿ ಕಚೇರಿಗೆ ಕರ್ಕೊಂಡು ಹೋಗ್ಲಿ, ಸಾಹೇಬರ ಮುಂದೆ ಕೂರಿಸ್ಲಿ. ಕಾವಲುಗಾರ ಹಗ್ಗದ ಬುಡ ಬಿಟ್ಟು ಅಲ್ಲಾಡಬಾರದು. ಯಾರೇ ಬಂದ್ರೂ ಮುಟ್ಟೋಕೆ ಬಿಡಬಾರದು. ಯಾಕೆ ಅಂತ ಆಮೇಲೆ ಹೇಳ್ತೀನಿ. ಜೀಪು ಹೊರಟ ಮೇಲೆ ಫೋನ್ ಮಾಡಿ.”

ಹಗ್ಗದಣ್ಣ ಹತ್ತಿದ. ಅವನ ಲೈಟು ಮೇಲೆ ಮೇಲೆ ಹೋಗಿ ಹಗಲಿನಲ್ಲಿ ಕರಗುವವರೆಗೆ ಮೂವರು ಗೋಡೆಯ ಚಾಚಿನ ಕೆಳಗೆ, ಮೇಲಿಂದ ಏನು ಬಿದ್ದರೂ ತಾಗದ ಜಾಗದಲ್ಲಿ ನಿಂತಿದ್ದರು. ಫೋನು ಬೇಗ ಬರಲಿಲ್ಲ. ಕಾಂಪೌಂಡರ್ ಒಂದು ಬಿಸ್ಕತ್ತು ತೆಗೆದು ಮೂರು ತುಂಡು ಮಾಡಿದ, ಯಾರೂ ತಿನ್ನಲಿಲ್ಲ. ಆಮೇಲೆ ಗಂಟೆ ಟ್ರಿಣ್ ಎಂದಿತು.

“ಜೀಪು ಹೊರಡ್ತು,” ಎಂದ ಕಾವಲುಗಾರ. “ನಾನು ಹಗ್ಗದ ಮೇಲೇ ಕೂತಿದ್ದೀನಿ.”

“ಹಗ್ಗದ ಮೇಲೆ ಕೂರ್ಬೇಡ ಮಾರಾಯ, ಪಕ್ಕದಲ್ಲಿ ಕೂರು,” ಎಂದಳು ದೊಡ್ಡಕ್ಕ.

ಕಾಂಪೌಂಡರ್ ಮೊದಲು ನಕ್ಕ. ಆಮೇಲೆ ಮೂವರೂ ನಕ್ಕರು, ಕಣ್ಣಲ್ಲಿ ನೀರು ಬರುವಷ್ಟು. ಬಿಸ್ಕತ್ತು ಖಾಲಿಯಾಯಿತು.

“ಈಗ ಏನು ಮಾಡೋಣ?” ದೊಡ್ಡಕ್ಕ ಕೇಳಿದಳು. ಹೇಳಲಿಲ್ಲ, ಕೇಳಿದಳು. “ಲೈಟುಗಳು ಕಮ್ಮಿ. ಮುಂದೆ ಹೋಗೋದಾದ್ರೆ ಹಗ್ಗ ನಾವೇ ಕಟ್ಕೋಬೇಕು. ನನಗೆ ಬರುತ್ತೆ, ಆದ್ರೆ ಕೈ ನಿಧಾನ.”

“ನಿಧಾನ ಆದ್ರೇನು,” ಎಂದಳು ಪೆನ್ಸಿಲ್. “ಒಬ್ಬರು ಕಟ್ಟಿದ ಗಂಟನ್ನ ಇನ್ನೊಬ್ಬರು ಮುಟ್ಟಿ ನೋಡ್ಬೇಕು. ಯಾರು ಬೇಕಾದ್ರೂ ‘ನಿಲ್ಲಿ’ ಅನ್ಬಹುದು. ಅಂದ್ರೆ ಎಲ್ಲರೂ ನಿಲ್ಬೇಕು. ಹಾಗಿದ್ರೆ ನಾನು ಬರ್ತೀನಿ.”

“ನಾನು ಆಗಾಗ ‘ನಿಲ್ಲಿ’ ಅಂತಿರ್ತೀನಿ, ಬೇಜಾರಾಗ್ಬೇಡಿ,” ಎಂದ ಕಾಂಪೌಂಡರ್.

ಹೊರಟರು.

ಬಲಗಡೆಯ ಕಿಂಡಿ ಮೊದಲು ಮೊಣಕಾಲಿನಲ್ಲಿ, ಆಮೇಲೆ ಹೊಟ್ಟೆಯ ಮೇಲೆ ಹೋಗುವಂತಿತ್ತು. ಹೆಲ್ಮೆಟ್ ಕಳಚಿ ಕೈಯಲ್ಲಿ ತಳ್ಳಿಕೊಂಡು ಹೋಗಬೇಕಾಯಿತು. ಕಲ್ಲು ಬೆನ್ನಿಗೂ ಎದೆಗೂ ಒಟ್ಟಿಗೆ ತಾಗುತ್ತಿತ್ತು. ಆದರೆ ಗಾಳಿ ಬಿಡದೆ ಮುಖಕ್ಕೆ ಬೀಸುತ್ತಿತ್ತು, ಬನ್ನಿ ಬನ್ನಿ ಎಂದು ಕರೆಯುವ ಹಾಗೆ. ಅದರ ಜೊತೆಗೆ ಒಂದು ಸದ್ದು ಬೆಳೆಯುತ್ತ ಬಂತು. ಮೊದಲು ಪಿಸುಮಾತು. ಆಮೇಲೆ ಜನ ತುಂಬಿದ ಸಂತೆಯ ಗದ್ದಲ. ಕಿಂಡಿ ಮುಗಿಯುವ ಹೊತ್ತಿಗೆ ಮಾತಾಡಿದರೆ ಕೇಳದಷ್ಟು ಮೊರೆತ.

ಪೆನ್ಸಿಲ್ ತಲೆ ಹೊರಹಾಕಿ ಲೈಟು ತಿರುಗಿಸಿದಳು. ಬೆಳಕು ಎದುರಿನ ಗೋಡೆಯನ್ನು ಮುಟ್ಟಲೇ ಇಲ್ಲ.

“ಹೊಳೆ,” ಎಂದಳು. ಹಿಂದಿನವರಿಗೆ ಕೇಳಲಿಲ್ಲ. “ಹೊಳೆ ಸಿಕ್ತು, ದೊಡ್ಡಕ್ಕ!”

ಕಿಂಡಿಯಿಂದ ಹೊಳೆಗೆ ಒಂದು ಮನೆಯ ಎತ್ತರದ ಇಳಿತ. ದೊಡ್ಡಕ್ಕ ಬೋಲ್ಟ್ ಹೊಡೆದಳು. ಪೆನ್ಸಿಲ್ ಗಂಟು ಹಾಕಿದಳು. “ನೋಡಿದೆ,” ಎಂದ ಕಾಂಪೌಂಡರ್, ಬೆರಳಿನಿಂದ ಗಂಟಿನ ಒಂದೊಂದು ಸುತ್ತನ್ನೂ ಒತ್ತಿ. “ನಾನೂ ನೋಡಿದೆ,” ಎಂದಳು ದೊಡ್ಡಕ್ಕ. ಹಗ್ಗದಣ್ಣನಿಗೆ ಅರೆಗಳಿಗೆಯ ಕೆಲಸ. ಇವರಿಗೆ ಬಹಳ ಹೊತ್ತು ಹಿಡಿಯಿತು. ಆದರೆ ಇಳಿಯುವಾಗ ಪೆನ್ಸಿಲ್ ತನ್ನ ಭುಜಗಳು ಕಿವಿಯವರೆಗೆ ಏರಿಲ್ಲವೆಂಬುದನ್ನು ಗಮನಿಸಿದಳು. ಬೆಳಗಿನಿಂದ ಅವು ಹೆದರಿಕೆಗೆ ಹಾಗೇ ಬಿಗಿದು ಏರಿಕೊಂಡಿದ್ದವು.

ಹೊಳೆಯ ದಂಡೆ ಹಿಡಿದು ಮೇಲಕ್ಕೆ ನಡೆದರು. ಒಂದು ತಿರುವು ದಾಟಿದೊಡನೆ ಸದ್ದು ಕಡಿಮೆಯಾಗಿ ಕೆರೆ ಎದುರಾಯಿತು.

ಕಪ್ಪಗೆ, ಗಾಜಿನಷ್ಟು ನಯವಾಗಿ, ಬೆಳಕು ಹೋಗುವಷ್ಟು ದೂರವೂ ನೀರು. ಚಾವಣಿಯಿಂದ ಬಿಳಿಯ ಕಲ್ಲಿನ ಎಳೆಗಳು ಸಾವಿರಗಟ್ಟಲೆ ಇಳಿಬಿದ್ದಿದ್ದವು, ದಪ್ಪವಾದದ್ದು, ಸೂಜಿಯಷ್ಟು ಸಪೂರವಾದದ್ದು, ತುದಿಯಲ್ಲಿ ಒಂದೊಂದು ಹನಿ ಹೊತ್ತದ್ದು. ಅಷ್ಟೂ ನೀರಿನಲ್ಲಿ ತಲೆಕೆಳಗಾಗಿ ಮೂಡಿ, ಕೆರೆಯ ತಳದಿಂದ ಇನ್ನೊಂದು ಬಿಳಿಯ ಕಾಡು ಬೆಳೆದುಬಂದಂತೆ ಕಾಣುತ್ತಿತ್ತು. ಎಲ್ಲೋ ಒಂದು ಹನಿ ಬಿತ್ತು. ಆ ಕಾಡೆಲ್ಲ ಒಮ್ಮೆ ತೂಗಾಡಿ ಮತ್ತೆ ನಿಂತಿತು.

“ಇದನ್ನ ಹೇಗೆ ಬರೀತೀಯಾ?” ಎಂದು ದೊಡ್ಡಕ್ಕ ಪಿಸುಗುಟ್ಟಿದಳು.

“ಬರೆಯೋಕೆ ಆಗಲ್ಲ,” ಎಂದಳು ಪೆನ್ಸಿಲ್, ಬರೆಯುತ್ತಲೇ.

ದಾರಿ ತಪ್ಪಿದ ನೀರಿನ ಕತೆ ಅಲ್ಲೇ ಸ್ಪಷ್ಟವಾಯಿತು. ಕೆರೆಯ ಈ ತುದಿಯಲ್ಲಿ ಬಂಡೆ ಸೀಳಿದಂತೆ ಒಂದು ಕೋಡಿ. ನೀರು ಅಲ್ಲಿಂದ ಹೊಳೆಯಾಗಿ ಊರಿನ ಒರತೆಯ ಕಡೆ ಇಳಿಯಬೇಕು. ಆದರೆ ಹೋದ ಮಳೆಗಾಲದಲ್ಲಿ ಮೇಲಿನ ಯಾವುದೋ ಕುಳಿಯಿಂದ ಕೊಚ್ಚಿಬಂದ ಮರದ ಬೊಡ್ಡೆಯೊಂದು ಕೋಡಿಗೆ ಅಡ್ಡ ಸಿಕ್ಕಿಕೊಂಡಿತ್ತು. ಅದರ ಹಿಂದೆ ಕೊಂಬೆ, ಜಲ್ಲಿ, ಮಣ್ಣು ತುಂಬಿ ಒಡ್ಡಾಗಿತ್ತು. ಕೆರೆ ಏರಿ, ಆಚೆ ಗೋಡೆಯ ಒಂದು ಎತ್ತರದ ಬಿರುಕಿನಲ್ಲಿ ನುಗ್ಗಿ ಬೇರೆ ದಿಕ್ಕಿಗೆ ಹೋಗುತ್ತಿತ್ತು. ಈಚೆಗೆ ಬರುತ್ತಿದ್ದುದು ಸಂದುಗೊಂದುಗಳಲ್ಲಿ ಸೋರಿದ ನೀರು ಮಾತ್ರ. ಅದೇ ಇಷ್ಟು ಮೊರೆಯುತ್ತಿತ್ತು.

“ನೋಡ್ಕೊಂಡು ಹೋಗೋದಾ, ತೆಗೆದುಹಾಕೋದಾ?” ಎಂದ ಕಾಂಪೌಂಡರ್.

ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಯಾರೂ ‘ನಿಲ್ಲಿ’ ಎನ್ನಲಿಲ್ಲ.

ಬೊಡ್ಡೆಗೆ ಹಗ್ಗ ಬಿಗಿದು, ದಂಡೆಯ ಬಂಡೆಗೆ ರಾಟೆ ಕಟ್ಟಿದರು. ಕಾಂಪೌಂಡರ್ ಸೊಂಟಕ್ಕೆ ಇನ್ನೊಂದು ಹಗ್ಗ ಕಟ್ಟಿಕೊಂಡು, ಸಾಮಾನಿನ ಜೊತೆ ತಂದಿದ್ದ ಗಿಡ್ಡ ಹಾರೆ ಹಿಡಿದು ಒಡ್ಡಿನ ಮೇಲೆ ಹೋದ. ಆ ಹಗ್ಗದ ಈ ತುದಿಯನ್ನು ಪೆನ್ಸಿಲ್ ಒಂದು ಕಲ್ಲಿನ ಕಂಬಕ್ಕೆ ಸುತ್ತಿ ಹಿಡಿದಳು. ದೊಡ್ಡಕ್ಕ ರಾಟೆಯ ಹಗ್ಗಕ್ಕೆ ಮೈಭಾರ ಬಿಟ್ಟಳು.

ಹಾರೆ ಹಾಕು. ಮೀಟು. ಎಳಿ. ಮತ್ತೆ ಹಾಕು.

ಜಲ್ಲಿ ಗಳಗಳ ಜಾರಿತು. ಕೊಂಬೆಯೊಂದು ಲಟ್ಟೆಂದಿತು. ಬೊಡ್ಡೆ ಕದಲಲಿಲ್ಲ.

“ಇನ್ನೊಂದ್ಸಲ,” ಎಂದಳು ದೊಡ್ಡಕ್ಕ, ಹಲ್ಲು ಕಚ್ಚಿ.

ಬೊಡ್ಡೆ ನರಳಿತು. ಅದರಡಿಯಿಂದ ನೀರಿನ ಒಂದು ಹಾಳೆ ಚಿಮ್ಮಿತು.

“ವಾಪಸ್ ಬಾ!” ಪೆನ್ಸಿಲ್ ಕೂಗಿದಳು.

ಕಾಂಪೌಂಡರ್ ತಿರುಗಿದ. ಅಷ್ಟರಲ್ಲಿ ಅವನ ಕಾಲಡಿಯ ಒಡ್ಡು ಇರಲಿಲ್ಲ.

ಕೆರೆ ಕೋಡಿಗೆ ನುಗ್ಗಿತು. ಬೊಡ್ಡೆ ಒಂದು ಸುತ್ತು ತಿರುಗಿ, ಗೋಡೆಗೆ ಗುದ್ದಿ, ಕತ್ತಲಲ್ಲಿ ಇಳಿದುಹೋಯಿತು. ಕಾಂಪೌಂಡರನ ಲೈಟು ನೀರಿನ ಕೆಳಗೆ ಹಸಿರಾಗಿ ಒಮ್ಮೆ ಮಿನುಗಿತು.

ಹಗ್ಗ ಪೆನ್ಸಿಲ್‌ಳನ್ನು ಕಂಬಕ್ಕೆ ಅಪ್ಪಳಿಸಿತು. ಅವಳು ಕಾಲು ಕೊಟ್ಟು ನಿಂತಳು. ಕೈಗವಸಿನೊಳಗೆ ಅಂಗೈ ಉರಿಯಿತು. ಬಿಡಲಿಲ್ಲ. ದೊಡ್ಡಕ್ಕ ಹಿಂದಿನಿಂದ ಬಂದು ಹಗ್ಗಕ್ಕೆ ಕೈ ಹಾಕಿದಳು.

“ಹಿಡಿದಿದ್ದೀನಿ,” ಎಂದಳು ಪೆನ್ಸಿಲ್.

“ನಾನೂ ಹಿಡಿದಿದ್ದೀನಿ.”

ಕೋಡಿಯ ಆಚೆ ದಡದಲ್ಲಿ ಒಂದು ಹೆಲ್ಮೆಟ್ ಎದ್ದಿತು. ಅದರ ಹಿಂದೆ ಎರಡು ಕೈ ಬಂಡೆಯನ್ನು ತಬ್ಬಿಕೊಂಡವು. ಕಾಂಪೌಂಡರ್ ಮೇಲೆ ತೆವಳಿ ಬಿದ್ದುಕೊಂಡು, ಬಹಳ ಹೊತ್ತು ನೀರು ಕಾರಿದ. ಆಮೇಲೆ ಕೂಗಿದ: “ನಿಲ್ಲಿ.”

ಅವನಿಗೂ ಇವರಿಬ್ಬರಿಗೂ ನಡುವೆ ಈಗ ಕೋಡಿ ಕುದಿಯುತ್ತಿತ್ತು. ಆದರೆ ಹಗ್ಗ ಇತ್ತು. ಪೆನ್ಸಿಲ್ ಕೈಸನ್ನೆಯಲ್ಲಿ ತೋರಿಸಿದಳು: ನಿನ್ನ ತುದಿ ಬಿಚ್ಚಿ ಎತ್ತರದ ಕಂಬಕ್ಕೆ ಕಟ್ಟು. ಅವನು ಕಟ್ಟಿದ. ಅವನ ಗಂಟನ್ನು ಮುಟ್ಟಿ ನೋಡಲು ಅಲ್ಲಿ ಯಾರೂ ಇರಲಿಲ್ಲ. ಆದ್ದರಿಂದ ಅವಳು ಅವನಿಗೆ ಬಿಚ್ಚಿಸಿ ಎರಡನೆಯ ಸಲ ಕಟ್ಟಿಸಿದಳು, ಪ್ರತಿ ಸುತ್ತನ್ನೂ ಇಲ್ಲಿಂದ ಲೈಟು ಬಿಟ್ಟು ನೋಡುತ್ತ. ಈ ಕಡೆ ಹಗ್ಗವನ್ನು ರಾಟೆಯಿಂದ ಬಿಗಿದರು. ಕಾಂಪೌಂಡರ್ ಅದಕ್ಕೆ ಕೊಂಡಿ ಸಿಕ್ಕಿಸಿ, ನೀರಿನ ಮೇಲೆ ಮಲಗಿದವನಂತೆ ನೇತಾಡುತ್ತ, ಕೈ ಮೇಲೆ ಕೈ ಇಟ್ಟು ಎಳೆದುಕೊಂಡು ಬಂದ. ನಡುವೆ ಹಗ್ಗ ಜೋತು ಅವನ ಬೆನ್ನು ನೀರಿಗೆ ತಾಗಿತು. ಅವನು ಕಣ್ಣು ಮುಚ್ಚಿದ, ಕೈ ನಿಲ್ಲಿಸಲಿಲ್ಲ. ದೊಡ್ಡಕ್ಕ ಅವನ ಕಾಲರ್ ಹಿಡಿದು ದಡಕ್ಕೆಳೆದಳು.

“ಔಷಧಿ ಪೆಟ್ಟಿಗೆ?” ಎಂದು ಅವನು ಮೊದಲು ಕೇಳಿದ.

“ನನ್ನ ಹತ್ತಿರ ಇದೆ.”

“ಸದ್ಯ. ನನಗೇ ಬೇಕಾಗಿತ್ತು.”

ಹಿಂದಿರುಗುವ ದಾರಿ ಉದ್ದವಾಯಿತು. ಹೆಚ್ಚುವರಿ ಬ್ಯಾಟರಿಗಳು ಬಾವಿಯ ತಳದಲ್ಲಿದ್ದವು. ಕಾಂಪೌಂಡರನ ಲೈಟು ನೀರು ಕುಡಿದು ಸತ್ತಿತ್ತು. ದೊಡ್ಡಕ್ಕನದನ್ನು ಉಳಿಸಿಕೊಳ್ಳಲೆಂದು ಆರಿಸಿ, ಪೆನ್ಸಿಲ್‌ಳ ಒಂದೇ ಬೆಳಕಿನಲ್ಲಿ, ಒಬ್ಬರ ಭುಜ ಒಬ್ಬರು ಹಿಡಿದು ನಡೆದರು. ಕಿಂಡಿಯಲ್ಲಿ ಆ ಬೆಳಕು ಹಳದಿಯಾಯಿತು. ತೊರೆಯ ಜಾಡಿನಲ್ಲಿ ಕೆಂಡದ ಬಣ್ಣಕ್ಕೆ ತಿರುಗಿತು. ದೊಡ್ಡಕ್ಕನ ಲೈಟು ಹಚ್ಚಿಕೊಂಡು ಅಂಗಳ ಸೇರಿದಾಗ ಯಾರಿಗೂ ಹಗ್ಗ ಹತ್ತುವ ತ್ರಾಣ ಉಳಿದಿರಲಿಲ್ಲ. ಮೇಲೆ ಫೋನು ಮಾಡಿ ಸುದ್ದಿ ತಿಳಿಸಿ, ಒಂದೇ ಟಾರ್ಪಾಲಿನಲ್ಲಿ ಮೂವರೂ ಸುತ್ತಿಕೊಂಡು ಮಲಗಿಬಿಟ್ಟರು.

ಎಬ್ಬಿಸಿದ್ದು ಫೋನಿನ ಗಂಟೆ. ಕುಳಿಯ ಬಾಯಲ್ಲಿ ಬೆಳಕು ಹರಿದಿತ್ತು.

“ಪಂಪ್‌ಹೌಸಿನವರು ಜೀಪು ಕಳಿಸಿದ್ದಾರೆ,” ಕಾವಲುಗಾರ ಒಂದೇ ಉಸಿರಿನಲ್ಲಿ ಹೇಳಿದ. “ಒರತೆ ಹೇಗೆ ಬರ್ತಿದೆ ಅಂದ್ರೆ, ಕಟ್ಟೆ ಮೇಲೆ ಹರೀತಿದೆಯಂತೆ. ಮೊದಲು ಕೆಂಪಗೆ ಬಂತಂತೆ, ಈಗ ತಿಳಿಯಾಗ್ತಿದೆಯಂತೆ.”

ದೊಡ್ಡಕ್ಕ ಫೋನು ಇಟ್ಟು ಗೋಡೆಗೊರಗಿದಳು. ಕಾಂಪೌಂಡರ್ ಎರಡು ಕೈಯನ್ನೂ ಮೇಲೆತ್ತಿ, ಸದ್ದಿಲ್ಲದೆ, ಕೂತಲ್ಲೇ ಕುಣಿದ.

ಹತ್ತುವ ಮುಂಚೆ ದೊಡ್ಡಕ್ಕ ಪೆನ್ಸಿಲ್‌ಳ ಸೊಂಟಪಟ್ಟಿಯ ಗಂಟು ನೋಡುತ್ತ ಹೇಳಿದಳು: “ನೀನು ಮೇಜಿನ ಹತ್ತಿರವೇ ಹೇಳಿದ್ದೆ. ನಾನು ಆಗಲೇ ಕೇಳ್ಬೇಕಿತ್ತು.”

“ಹೌದು, ಕೇಳ್ಬೇಕಿತ್ತು,” ಎಂದಳು ಪೆನ್ಸಿಲ್. ಪರವಾಗಿಲ್ಲ ಎನ್ನಲಿಲ್ಲ.

“ಸಾಹೇಬರ ಮುಂದೆ ನಡೆದದ್ದನ್ನ ನಡೆದ ಹಾಗೇ ಹೇಳ್ತೀನಿ. ಕೊಂಡಿ ಒಗೆದದ್ದೂ ಸೇರಿಸಿ. ಇನ್ನು ಅವನು ಹಗ್ಗ ಮುಟ್ಟೋ ಜಾಗಕ್ಕೆ ಯಾರನ್ನೂ ಕಳಿಸಲ್ಲ. ನೀನೂ ಬಂದು ಕೂರ್ತೀಯಾ?”

“ಕೂರ್ತೀನಿ.”

ಮೇಲೆ ಬಿಸಿಲು ಎಷ್ಟು ಜೋರಾಗಿತ್ತೆಂದರೆ ಮೂವರೂ ಕಣ್ಣಿಗೆ ಕೈ ಅಡ್ಡ ಹಿಡಿದುಕೊಂಡೇ ಜೀಪಿನವರೆಗೆ ನಡೆದರು. ಹಗ್ಗದಣ್ಣ ದಾರಿಯುದ್ದಕ್ಕೂ ಕೂಗಾಡಿ, ಆಮೇಲೆ ಮಾತೇ ಬಿಟ್ಟನೆಂದೂ, ಸಾಹೇಬರು ಅವನಿಂದ ಸಾಮಾನು ಕೋಣೆಯ ಬೀಗದಕೈ ಇಸಿದುಕೊಂಡು ವಿಚಾರಣೆ ಮುಗಿಯುವವರೆಗೆ ಕಚೇರಿಯ ಅತಿಥಿಕೋಣೆಯಲ್ಲೇ ಇರಲು ಹೇಳಿದ್ದಾರೆಂದೂ ಡ್ರೈವರ್ ತಿಳಿಸಿದ. ಹಿಂದಿನ ಸೀಟಿನಲ್ಲಿ ಯಾರೂ ಸೀಟಿಯ ಜೋಕು ಹೇಳಲಿಲ್ಲ.

ಊರಿನ ಬೀದಿಗಳಲ್ಲಿ ನಲ್ಲಿಗಳು ಕೆಮ್ಮುತ್ತಿದ್ದವು. ಗಾಳಿ, ಆಮೇಲೆ ಕೆಸರು, ಆಮೇಲೆ ನೀರು. ಹೆಂಗಸರು, ಗಂಡಸರು, ಶಾಲೆಯ ಮಕ್ಕಳು ಬಕೆಟ್ಟು ಪಾತ್ರೆ ಹಿಡಿದು ಹೊರಗೆ ಬಂದಿದ್ದರು. ಕೆಸರು ಮೆತ್ತಿದ ಜೀಪಿನತ್ತ ಯಾರೂ ತಿರುಗಿ ನೋಡಲಿಲ್ಲ. ಪೆನ್ಸಿಲ್‌ಗೆ ಅದೇ ಖುಷಿಯೆನಿಸಿತು.

ಒಂದು ತಿರುವಿನಲ್ಲಿ ಕಾಂಪೌಂಡರ್ ಡ್ರೈವರನ ಭುಜ ತಟ್ಟಿದ. “ಇಲ್ಲಿ ನಿಲ್ಲಿಸು. ಅಕ್ಕನ್ನ ಕೇಳ್ಕೊಂಡು ಬರ್ತೀನಿ. ಅವಳು ಬರ್ತೀನಿ ಅಂದ್ರೆ ನಮ್ಮ ಮನೆಗೆ ಕರ್ಕೊಂಡು ಹೋಗೋದು. ಬರಲ್ಲ ಅಂದ್ರೆ ನಾನೇ ಇಲ್ಲಿ ಉಳೀತೀನಿ.”

ಅವನು ಒಳಗೆ ಹೋದ. ಬಾಗಿಲು ಬಹಳ ಹೊತ್ತು ಮುಚ್ಚಿಯೇ ಇತ್ತು. ದೊಡ್ಡಕ್ಕ ಗಡಿಯಾರ ನೋಡಲಿಲ್ಲ, ಪೆನ್ಸಿಲ್ ಅಲುಗಾಡಲಿಲ್ಲ. ಕೊನೆಗೆ ಬಾಗಿಲು ತೆರೆಯಿತು. ಕಾಂಪೌಂಡರನ ಕೈಯಲ್ಲಿ ಒಂದು ಬಟ್ಟೆಯ ಚೀಲವಿತ್ತು. ಅವನ ಹಿಂದೆ ತೆಳ್ಳನೆಯ ಹೆಂಗಸೊಬ್ಬಳು ಚಪ್ಪಲಿ ಮೆಟ್ಟಿಕೊಂಡು, ಮನೆಗೆ ಬೀಗ ಹಾಕಿ, ಬಂದು ಪೆನ್ಸಿಲ್‌ಳ ಪಕ್ಕ ಕೂತಳು.

ಜೀಪು ಹೊರಟಿತು. ಪೆನ್ಸಿಲ್‌ಳ ಸುಲಿದ ಅಂಗೈಯನ್ನೂ ಕೆಸರು ಹಿಡಿದ ಕೂದಲನ್ನೂ ನೋಡಿ, ಆ ಹೆಂಗಸು ಮೆಲ್ಲಗೆ ಕೇಳಿದಳು: “ಒಳಗೆ ಏನಿತ್ತು?”

“ಒಳಗೆ ಒಂದು ಕೆರೆ ಇದೆ, ಅಕ್ಕ,” ಎಂದಳು ಪೆನ್ಸಿಲ್, ಅವಳ ಕಡೆ ತಿರುಗಿ ಕೂತು. “ಮೊದಲಿಂದ ಹೇಳ್ತೀನಿ ಕೇಳಿ.”